ಮೈಕೈ ನೋವನ್ನೂ ಅಳತೆ ಪುಸ್ತಕದಲ್ಲಿ ಬರೆದೆ

ದಾವಣಗೆರೆಯಲ್ಲಿ ಹದಿನೆಂಟು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ನಮ್ಮ ಕಸುಬಿನವರಿಗೆ ಮೈಕೈ ನೋವು ಹೊಸದಲ್ಲ, ಅಲ್ವಾ? ಆದರೆ ನನ್ನದು ಎರಡು ವರ್ಷ ಬಿಡಲೇ ಇಲ್ಲ. ತೊಡೆ, ಸೊಂಟ, ಭುಜ ಎಲ್ಲ ನೋವು. ಕೆಳಗೆ ಕೂತು ಹೆಮ್ಮಿಂಗ್ ಮಾಡಿದರೆ ಗೋಡೆ ಹಿಡಿಯದೆ ಏಳಲು ಆಗುತ್ತಿರಲಿಲ್ಲ. "ನಲವತ್ತು ದಾಟಿತಲ್ಲ, ಇನ್ನೇನು" ಅಂದರು ಎಲ್ಲರೂ.

ದುಡ್ಡು ಸುರಿದದ್ದು ಕೇಳಿ. ಎಣ್ಣೆ, ಮಾಲೀಶು ಅಂತ 4,000 ಹೋಯಿತು. ಪೆಡಲ್ ತುಳಿದೇ ಹೀಗೆ ಅಂತ ಮೋಟರ್ ಹಾಕಿಸಿದೆ, 2,500. ಬೆನ್ನಿಗೆ ಒರಗು ಇರುವ ಕುರ್ಚಿಗೆ 4,500. ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ನೋವಿನ ಸೂಜಿ, ಸಲಕ್ಕೆ 200. ಎರಡು ದಿನ ಹಾಯಾಗಿರುತ್ತಿತ್ತು, ಮೂರನೇ ದಿನ ಮತ್ತೆ ಅದೇ ರಾಗ. ಎಲ್ಲ ಸೇರಿ 15,000 ದಾಟಿರಬೇಕು. ಮಧ್ಯೆ ಕಟಿಂಗ್ ಟೇಬಲ್ಲಿನ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆ. ಕುತ್ತಿಗೆ ನೋವು ಅರ್ಧ ಇಳಿಯಿತು, ತೊಡೆಯದು ಕದಲಲಿಲ್ಲ. ಎಷ್ಟು ಇಂಚು ಅಂತ ಕೇಳಬೇಡಿ, ಅದು ನನ್ನ ಹತ್ತಿರ ಕಲಿಯುವ ಹುಡುಗಿಯರಿಗೆ ಮಾತ್ರ.

ಕೊನೆಗೆ ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ದಿನಾ ರಾತ್ರಿ ಒಂದು ಸಾಲು ಬರೆಯತೊಡಗಿದೆ. ಎಲ್ಲಿ ನೋವು, ಹತ್ತಕ್ಕೆ ಎಷ್ಟು, ಅವತ್ತು ಎಷ್ಟು ಬ್ಲೌಸ್. ಮನೆಯವರು ನಕ್ಕರು, "ನೋವಿಗೂ ಫಿಟ್ಟಿಂಗ್ ನೋಡ್ತೀಯಾ?" ಅಂತ. ನಗಲಿ. "ತೊಡೆ 7, ಬ್ಲೌಸ್ 6, ಚಳಿ ಜಾಸ್ತಿ." ಹೀಗೇ ನಡೆದಿತ್ತು. ಆಷಾಢ ಬಂತು. ಮದುವೆ ಇಲ್ಲ, ಆರ್ಡರ್ ಇಲ್ಲ. ಒಂದು ರಾತ್ರಿ ಬರೆದೆ: "ಬ್ಲೌಸ್ 0, ತೊಡೆ 7." ಮೆಷಿನ್ ಮುಟ್ಟದೆ ವಾರ ಆಗಿತ್ತು! ಹಾಗಾದರೆ ಎರಡು ವರ್ಷ ಸುಮ್ನೆ ಮೆಷಿನ್ನಿಗೆ ಬೈದೆನಲ್ಲ.

ಪುಸ್ತಕ ಹಿಡಿದು ಡಾಕ್ಟರ್ ಹತ್ತಿರ ಹೋದೆ. ಓದಿದರು. ಚಿಕನ್‌ಗುನ್ಯಾ ಬಂದಿತ್ತಾ, ಕೊಲೆಸ್ಟ್ರಾಲ್ ಮಾತ್ರೆ ತಗೋತೀರಾ ಅಂತ ಕೇಳಿದರು, ಅವೂ ಇಂಥ ನೋವು ತರುತ್ತವಂತೆ. ಮೊಣಕಾಲ ಕೆಳಗಿನ ಎಲುಬನ್ನು ಹೆಬ್ಬೆರಳಿಂದ ಒತ್ತಿದರು, ಪ್ರಾಣ ಹೋದಂತಾಯಿತು. ರಕ್ತ ಪರೀಕ್ಷೆಗೆ 1,500 ಆಯಿತೇನೋ. ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದಾಗ ಏರುವ ಹಾರ್ಮೋನು) 40ರ ಹತ್ತಿರ, ವಿಟಮಿನ್ ಡಿ ಬರೀ 9. ನೋವು ಈ ಎರಡರಿಂದಲೇ ಅಂದರು. ಬೆಳಗಿನಿಂದ ರಾತ್ರಿವರೆಗೆ ಅಂಗಡಿಯೊಳಗೇ ಇದ್ದರೆ ಬಿಸಿಲು ಎಲ್ಲಿಂದ ಬರಬೇಕು?

ಥೈರಾಯ್ಡ್ ಮಾತ್ರೆ ದಿನಾ ಖಾಲಿ ಹೊಟ್ಟೆಗೆ, ವಿಟಮಿನ್ ಡಿ 60,000 ಯೂನಿಟ್ ವಾರಕ್ಕೊಂದು, ಎಂಟು ವಾರ. ಈ ವಿಟಮಿನ್ ಡಿಯನ್ನು ದಿನಾ ನುಂಗಬೇಡಿ, ಹೆಚ್ಚಾದರೆ ಕಿಡ್ನಿಗೆ ಪೆಟ್ಟು. ನಾನು ಇಲ್ಲೂ ಎಡವಿದೆ. ಥೈರಾಯ್ಡ್ ಮಾತ್ರೆ ಜೊತೆಗೇ ಕ್ಯಾಲ್ಸಿಯಂ ಮಾತ್ರೆಯನ್ನೂ ನುಂಗುತ್ತಿದ್ದೆ, ಆರು ವಾರ ಕಳೆದರೂ ಟಿಎಸ್‌ಎಚ್ ಸರಿಯಾಗಿ ಇಳಿಯಲಿಲ್ಲ. ಎರಡಕ್ಕೂ ನಾಲ್ಕು ಗಂಟೆ ಅಂತರ ಬೇಕಂತೆ. ಅಂತರ ಕೊಟ್ಟ ಮೇಲೆ ಮೂರು ತಿಂಗಳಿಗೆ ತೊಡೆ 2ಕ್ಕೆ ಬಂತು. ಥೈರಾಯ್ಡ್ ಮಾತ್ರೆಗೆ ತಿಂಗಳಿಗೆ ನೂರು ರೂಪಾಯಿಯೂ ಆಗುವುದಿಲ್ಲ.

ನಿಮ್ಮದೂ ಥೈರಾಯ್ಡೇ ಅಂತ ಹೇಳುತ್ತಿಲ್ಲ. ಪಕ್ಕದ ಅಂಗಡಿ ಅಕ್ಕನಿಗೆ ಬೆಳಗ್ಗೆ ಬೆರಳಿನ ಗಿಣ್ಣು ಊದಿ, ಕತ್ತರಿ ಹಿಡಿಯಲು ಒಂದು ಗಂಟೆ ಬೇಕಾಗುತ್ತಿತ್ತು. ಅದು ಸಂಧಿವಾತ, ಮದ್ದು ಬೇರೆ. ಎರಡು ಮೂರು ವಾರ ಬಿಡದ ನೋವನ್ನು ತೋರಿಸಿ. ಜೊತೆಗೆ ಜ್ವರ ಇದ್ದರೆ, ತೂಕ ಇಳಿಯುತ್ತಿದ್ದರೆ, ನೋವು ನಿದ್ದೆಯಿಂದ ಎಬ್ಬಿಸಿದರೆ ಪುಸ್ತಕ ಬರೆಯುತ್ತಾ ಕೂರಬೇಡಿ. ಕಾಲಲ್ಲಿ ಬಲ ಹೋದರೆ, ಮೂತ್ರ ಕಟ್ಟಿದರೆ, ಇಲ್ಲವೇ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಎದೆ ಹಿಸುಕಿದಂತಾಗಿ ನೋವು ಎಡಗೈಗೋ ದವಡೆಗೋ ಹರಿದರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ.

ಮೊನ್ನೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ ಬರೆದದ್ದು: "ಬ್ಲೌಸ್ 9, ತೊಡೆ 1, ಭುಜ 4." ಆ ಭುಜದ್ದು ಮಾತ್ರ ನಿಜವಾಗಿಯೂ ಮೆಷಿನ್ನಿನದೇ.