"ಪೆಟ್ರೋಲ್ ಅಲ್ಲ ಸಾರ್, ಎಥನಾಲ್"

ಮಾರ್ಚ್ ತಿಂಗಳು, ಹನ್ನೆರಡು ಗಂಟೆಯ ಸುಡು ಬಿಸಿಲು. ಠಾಣೆಗೆ ಬಂದ ಕರೆ ಇಷ್ಟೇ: "ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ, ಮಂಡಗದ್ದೆ ಹತ್ರ ಪೆಟ್ರೋಲ್ ಟ್ಯಾಂಕರ್ ಪಲ್ಟಿಯಾಗಿದೆ, ಬೇಗ ಬನ್ನಿ." ಅಗ್ನಿಶಾಮಕ ಕೆಲಸಕ್ಕೆ ಸೇರಿ ಆಗ ನನಗೆ ಹದಿನೆಂಟು ವರ್ಷ ಆಗಿತ್ತು. ಪೆಟ್ರೋಲ್ ಟ್ಯಾಂಕರ್ ಅಂದರೆ ಏನು ಮಾಡಬೇಕು ಅಂತ ಕೈಕಾಲಿಗೇ ಗೊತ್ತಿತ್ತು. ಅವತ್ತು ತೊಂದರೆ ಆಗಿದ್ದು ಅದರಿಂದಲೇ.

ಗಾಳಿ ನಮ್ಮ ಬೆನ್ನಿಗೆ ಇರುವ ಹಾಗೆ ನೋಡಿಕೊಂಡು, ಏರಿನ ಕಡೆ ದೂರದಲ್ಲೇ ಗಾಡಿ ನಿಲ್ಲಿಸಿದೆವು. ಟ್ಯಾಂಕರ್ ತಿರುವಿನಲ್ಲಿ ಚರಂಡಿಗೆ ಮಗ್ಗುಲಾಗಿ ಮಲಗಿತ್ತು. ಮೇಲಿನ ಮುಚ್ಚಳದ ಸಂದಿಯಿಂದ ಬೆರಳು ಗಾತ್ರದ ಧಾರೆ ಸುರಿಯುತ್ತಿತ್ತು. ಬೆಂಕಿ ಕಾಣಲಿಲ್ಲ. ಕೈಗೆ ಪೆಟ್ಟಾಗಿದ್ದ ಚಾಲಕ ಓಡಿ ಬಂದು ಹೇಳಿದ: "ಪೆಟ್ರೋಲ್ ಅಲ್ಲ ಸಾರ್, ಎಥನಾಲ್. 20,000 ಲೀಟರ್ ಇದೆ." ಹಿಂದಿನ ಫಲಕದಲ್ಲೂ ಎಥನಾಲ್‌ನ ನಂಬರ್ 1170 ಅಂತಲೇ ಇತ್ತು. ಪೆಟ್ರೋಲ್ ಆಗಿದ್ದರೆ 1203 ಇರಬೇಕಿತ್ತು.

ನಾನು ಆ ನಂಬರ್ ಓದಿದೆ. ಆದರೂ ಮನಸ್ಸು ಪೆಟ್ರೋಲಿನಲ್ಲೇ ಇತ್ತು.

ಅಷ್ಟರಲ್ಲಿ ನಮ್ಮ ಹುಡುಗನೊಬ್ಬ ಕೂಗಿದ, "ಸಾರ್, ಅಲ್ಲಿ ಲಂಟಾನ ನೋಡಿ." ಕ್ಯಾಬಿನ್ ಪಕ್ಕದ ಪೊದೆಯಲ್ಲಿ ಹಸಿರು ಎಲೆಗಳು ಒಂದೊಂದಾಗಿ ಮುದುಡುತ್ತಿದ್ದವು. ಅಂಚು ಕಂದಾಗಿ, ಸುರುಳಿ ಸುತ್ತಿಕೊಂಡು, ಕಪ್ಪಾಗಿ ಉದುರುತ್ತಿದ್ದವು. ಹೊಗೆ ಇಲ್ಲ, ಜ್ವಾಲೆ ಇಲ್ಲ. ಮೇಲೆ ಗಾಳಿ ಮಾತ್ರ ನೀರಿನ ಹಾಗೆ ನಡುಗುತ್ತಿತ್ತು. ಎಥನಾಲ್ ಉರಿ ತೆಳು ನೀಲಿ, ಬಿಸಿಲಿನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಬೆಂಕಿ ಇಲ್ಲ ಅಂದುಕೊಂಡು ಇನ್ನು ಹತ್ತು ಹೆಜ್ಜೆ ಮುಂದೆ ಹೋಗಿದ್ದರೆ ಅದರ ಒಳಗೇ ಕಾಲಿಡುತ್ತಿದ್ದೆವು.

ಆಮೇಲೆ ಒಂದು ಉಪಾಯ ಮಾಡಿದೆವು. ಪಕ್ಕದ ತೋಟದಿಂದ ಉದ್ದನೆಯ ದೋಟಿ ತರಿಸಿ, ತುದಿಗೆ ಒಣಗಿದ ಅಡಿಕೆ ಸೋಗೆ ಕಟ್ಟಿದೆವು. ಒಬ್ಬ ನೀರಿನ ತುಂತುರಿನ ಮರೆಯಲ್ಲಿ ನಡೆಯಬೇಕು, ಅವನ ಪಕ್ಕದವನು ಸೋಗೆಯನ್ನು ಮುಂದಕ್ಕೆ ಚಾಚಬೇಕು. ಸೋಗೆ ಹೊತ್ತಿಕೊಂಡರೆ ಅಲ್ಲಿ ಬೆಂಕಿ ಇದೆ. ಈಗ ಶಾಖ ತೋರಿಸುವ ಕ್ಯಾಮೆರಾ ಬಂದಿವೆ. ಕೈಯಲ್ಲಿ ಅದಿಲ್ಲದಿದ್ದರೆ ಸೋಗೆ ಸಾಕು.

ನಮ್ಮ ಗಾಡಿಯಲ್ಲಿ ಇದ್ದದ್ದು ಮಾಮೂಲಿ ಫೋಮ್. ಪೆಟ್ರೋಲ್, ಡೀಸೆಲ್ ಬೆಂಕಿಗೆ ಅದು ಒಳ್ಳೆಯದೇ. ಎಥನಾಲ್ ಮೇಲೆ ಬಿಟ್ಟೆವು. ಬಿಳಿ ನೊರೆ ಹರಡಿತು, ಸಮಾಧಾನ ಆಯಿತು. ಒಂದು ನಿಮಿಷ ಕೂಡ ಆಗಿರಲಿಲ್ಲ, ನೊರೆ ಅಲ್ಲಲ್ಲಿ ತೂತು ಬಿದ್ದು ಕುಸಿಯತೊಡಗಿತು, ಕಡೆದ ಮಜ್ಜಿಗೆ ಮೇಲಿನ ನೊರೆ ಇಳಿಯುತ್ತದಲ್ವಾ, ಹಾಗೆ. ಫೋಮ್ ಅಂದರೆ ಬಹುಪಾಲು ನೀರೇ. ಪೆಟ್ರೋಲ್ ನೀರಿಗೆ ಸೇರುವುದಿಲ್ಲ, ಹಾಗಾಗಿ ನೊರೆ ಅದರ ಮೇಲೆ ಕಂಬಳಿಯ ಹಾಗೆ ನಿಲ್ಲುತ್ತದೆ. ಎಥನಾಲ್ ಒಂದು ಆಲ್ಕೋಹಾಲ್, ನೀರಿಗೆ ಸೇರುತ್ತದೆ. ಆ ನೊರೆಯಲ್ಲಿರುವ ನೀರನ್ನೇ ಹೀರಿಕೊಂಡುಬಿಡುತ್ತದೆ. ಇದಕ್ಕೆ ಆಲ್ಕೋಹಾಲ್ ತಡೆಯುವ ಫೋಮ್ ಬೇರೆಯೇ ಇದೆ. ಅದು ದ್ರವದ ಮೇಲೆ ತೆಳ್ಳಗೆ ಒಂದು ಪೊರೆ ಕಟ್ಟುತ್ತದೆ. ಆ ಪೊರೆ ಇದ್ದರೆ ಮಾತ್ರ ನೊರೆ ಉಳಿಯುತ್ತದೆ.

ಅಲ್ಲಿಗೆ ಫೋಮ್ ನಿಲ್ಲಿಸಿದೆ. ಉರಿಯುತ್ತಿದ್ದ ಮಡು ಚಿಕ್ಕದಿತ್ತು. ಒಣ ಪುಡಿಯ ಸಿಲಿಂಡರ್ ಬಿಟ್ಟು, ಹಿಂದೆಯೇ ತುಂತುರು ನೀರು ಹೊಡೆದು ಆರಿಸಿದೆವು. ಇನ್ನೊಂದು ಪೈಪಿನಿಂದ ಟ್ಯಾಂಕ್ ಮೈ ತಣ್ಣಗೆ ಇಟ್ಟೆವು. ಆಲ್ಕೋಹಾಲ್ ಫೋಮ್ ಕ್ಯಾನುಗಳಿಗೆ ಎಲ್ಲಾ ಕಡೆ ಫೋನ್ ಮಾಡಿ, ಕೊನೆಗೆ ಒಂದು ಕಾರ್ಖಾನೆಯಿಂದ ತರಿಸಿದೆವು.

ಜನ ಕೇಳುತ್ತಿದ್ದರು, "ನೀರಿಗೆ ಸೇರುತ್ತೆ ಅಂತೀರಿ, ಹಂಗಾರೆ ನೀರು ಹೊಡೆದು ತೊಳೆದುಬಿಡಿ ಮಾರಾಯ್ರೆ." ಲೆಕ್ಕ ಹಾಕಿ ನೋಡಿ. ಒಂದು ಪಾಲು ಎಥನಾಲ್‌ಗೆ ನಾಲ್ಕು ಪಾಲು ನೀರು ಬೆರೆಸಿದರೂ ಅದರ ಆವಿ ಸುಮಾರು 36 ಡಿಗ್ರಿಯಲ್ಲಿ ಕಿಡಿಗೆ ಹೊತ್ತಿಕೊಳ್ಳುತ್ತದೆ. ಮಾರ್ಚ್ ಮಧ್ಯಾಹ್ನ ಡಾಂಬರು ಅದಕ್ಕಿಂತ ಬಿಸಿ ಇರುತ್ತದೆ. ಒಂಬತ್ತು ಪಾಲು ನೀರು ಸೇರಿಸಿದರೆ ಅದು 49 ಡಿಗ್ರಿಗೆ ಏರುತ್ತದೆ. 20,000 ಲೀಟರ್‌ಗೆ ಒಂಬತ್ತು ಪಾಲು ಅಂದರೆ 1,80,000 ಲೀಟರ್ ನೀರು. 4,500 ಲೀಟರ್ ಹಿಡಿಯುವ ನಮ್ಮ ಗಾಡಿ ನಲವತ್ತು ಸಲ ತುಂಬಬೇಕು. ಸಣ್ಣ ಮಡುವಿಗೆ ನೀರು ಆಗುತ್ತದೆ. ಇಡೀ ಟ್ಯಾಂಕರ್‌ಗೆ ಆಗುವುದಿಲ್ಲ. ಮತ್ತೆ ಅಷ್ಟು ನೀರು ಹರಿದು ಹೋಗುವುದೆಲ್ಲಿಗೆ?

ತುಂಗೆಗೆ. ಆ ರಸ್ತೆ ಹೊಳೆ ಪಕ್ಕದಲ್ಲೇ ಹೋಗುತ್ತದೆ. ಕೆಳಗೆ ಗಾಜನೂರು ಅಣೆಕಟ್ಟು, ಅದರ ಕೆಳಗೆ ಶಿವಮೊಗ್ಗ. ಚರಂಡಿ ಒಂದು ಮೋರಿಗೆ ಸೇರುತ್ತಿತ್ತು, ಮೋರಿಯಿಂದ ಹಳ್ಳ, ಹಳ್ಳದಿಂದ ಹೊಳೆ. ಪೆಟ್ರೋಲ್ ಆಗಿದ್ದರೆ ಮೇಲೆ ತೇಲುತ್ತದೆ, ಅಡ್ಡಗಟ್ಟಿ ಕೆನೆ ತೆಗೆದ ಹಾಗೆ ತೆಗೆಯಬಹುದು. ಎಥನಾಲ್ ಕರಗಿತು ಅಂದರೆ ಬೇರೆ ಮಾಡುವ ದಾರಿಯೇ ಇಲ್ಲ. ನೀರಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ತಿಂದು ಹೆಚ್ಚಿಕೊಳ್ಳುತ್ತವೆ, ತಿನ್ನುವಾಗ ನೀರಿನ ಆಮ್ಲಜನಕ ಖಾಲಿ ಮಾಡುತ್ತವೆ. ಮೀನು ಉಸಿರು ಕಟ್ಟಿ ಸಾಯುತ್ತವೆ. 2000ದ ಮೇ ತಿಂಗಳಲ್ಲಿ ಅಮೆರಿಕದ ಕೆಂಟಕಿಯಲ್ಲಿ ವಿಸ್ಕಿ ಗೋದಾಮಿಗೆ ಬೆಂಕಿ ಬಿದ್ದು, ಮದ್ಯ ನದಿಗೆ ಹರಿದು ಮೈಲಿಗಟ್ಟಲೆ ಮೀನು ಸತ್ತಿದ್ದವು. ಬೇಸಿಗೆಯಲ್ಲಿ ನಮ್ಮ ತುಂಗೆಯೂ ಸೊರಗಿರುತ್ತಾಳೆ.

ಆಗ ಕೈ ಹಿಡಿದವರು ಊರಿನ ತೋಟದವರು. ಪ್ರತಿ ವರ್ಷ ಮಳೆ ನಿಂತ ಮೇಲೆ ಹಳ್ಳಕ್ಕೆ ಕಟ್ಟ ಹಾಕಿ ಅಭ್ಯಾಸ ಇದ್ದವರು. "ಸೋರಿದ ಜಾಗಕ್ಕೆ ನೀವು ಬರಬೇಡಿ, ಮೋರಿ ಆಚೆ ಕಡೆ ಕಟ್ಟ ಹಾಕಿ ಕೊಡಿ" ಅಂದೆ. ಆ ಜಾಗ ಸೋರಿಕೆಯಿಂದ ದೂರ ಇತ್ತು, ಗಾಳಿಯೂ ಆ ಕಡೆ ಬೀಸುತ್ತಿರಲಿಲ್ಲ. ಬೀಡಿ, ಮೊಬೈಲ್ ಎಲ್ಲಾ ಮೇಲೆ ಇಡಿಸಿದೆ. ಗೊಬ್ಬರದ ಚೀಲಕ್ಕೆ ಮಣ್ಣು ತುಂಬಿ, ಅಡಿಕೆ ಒಣಗಿಸುವ ಟಾರ್ಪಾಲನ್ನು ಅಡ್ಡ ಹಾಸಿ, ಮೇಲೆ ಜೇಡಿಮಣ್ಣು ಮೆತ್ತಿದರು. ಅರ್ಧ ಗಂಟೆಯೊಳಗೆ ಕಟ್ಟ ನಿಂತಿತ್ತು. ನಾವು ಹೊಡೆದ ನೀರು, ಸೋರಿದ ಎಥನಾಲ್ ಎಲ್ಲಾ ಅದರ ಹಿಂದೆ ನಿಂತಿತು. ಆ ಕೆಲಸ ನೆನೆದರೆ ಈಗಲೂ ಕಣ್ಣು ತುಂಬಿ ಬರುತ್ತದೆ.

ಇನ್ನೊಂದು ಕಡೆ ಕೆಲವರು ಕೊಡಪಾನ, ಕ್ಯಾನು ಹಿಡಿದು ಬಂದಿದ್ದರು. ಸ್ಪಿರಿಟ್ ವಾಸನೆ ಅವರಿಗೆ ಗೊತ್ತಾಗಿತ್ತು. ಪೊಲೀಸರ ಜೊತೆ ನಿಂತು ಒಬ್ಬೊಬ್ಬರಿಗೂ ಹೇಳಿದೆ, ಇದು ಕುಡಿಯೋದಲ್ಲ, ಬೇರೆ ಕೆಮಿಕಲ್ ಬೆರೆಸಿರುತ್ತಾರೆ, ಕುಡಿದರೆ ಜೀವ ಹೋಗುತ್ತೆ. ಒಬ್ಬ ಅಜ್ಜ ಒಪ್ಪಲಿಲ್ಲ. ಮುದುಡಿದ ಲಂಟಾನ ತೋರಿಸಿದ ಮೇಲೆ ಸುಮ್ನೆ ವಾಪಸ್ ಹೋದರು.

ಫೋಮ್ ಬಂದ ಮೇಲೆ ಅದನ್ನು ನೇರವಾಗಿ ದ್ರವಕ್ಕೆ ಹೊಡೆಯಲಿಲ್ಲ. ರಭಸಕ್ಕೆ ಪೊರೆ ಹರಿದುಹೋಗುತ್ತದೆ. ಟ್ಯಾಂಕಿನ ಮೈಗೆ ತಾಗಿಸಿ ನಿಧಾನಕ್ಕೆ ಇಳಿಬಿಟ್ಟೆವು. ಎಥನಾಲ್ ಮೇಲೆ ಬಿಡುವಾಗ ಈ ಫೋಮನ್ನು ನೀರಿನಲ್ಲಿ 6% ಬೆರೆಸಬೇಕಿತ್ತು. ನಮ್ಮ ನಳಿಕೆಗೆ ನಿಮಿಷಕ್ಕೆ ಸುಮಾರು 225 ಲೀಟರ್ ನೀರು ಹೋಗುತ್ತದೆ. 20 ಲೀಟರ್ ಕ್ಯಾನು ಒಂದೂವರೆ ನಿಮಿಷಕ್ಕೇ ಖಾಲಿ. ಹತ್ತು ಕ್ಯಾನು ಬಂದಿದ್ದವು, ಅಂದರೆ ಹದಿನೈದು ನಿಮಿಷದ ಕೆಲಸ. ಈ ಲೆಕ್ಕ ಮೊದಲೇ ಹಾಕಿಕೊಂಡು, ಎಲ್ಲಾ ತಯಾರಾದ ಮೇಲೆ ಶುರು ಮಾಡಬೇಕು. ನಡುವೆ ಮುಗಿದರೆ ಮಾಡಿದ್ದೆಲ್ಲಾ ವ್ಯರ್ಥ. ಸಂಜೆ ಇನ್ನೊಂದು ಟ್ಯಾಂಕರ್ ತರಿಸಿ, ಕಿಡಿ ಹಾರದ ಹಾಗೆ ಎರಡಕ್ಕೂ ಅರ್ಥಿಂಗ್ ಕೊಟ್ಟು, ಉಳಿದದ್ದನ್ನು ವರ್ಗಾಯಿಸಿದರು. ಕಟ್ಟದ ಹಿಂದಿನ ನೀರನ್ನೂ ಟ್ಯಾಂಕರ್‌ಗೆ ಎತ್ತಿಸಿದೆವು. ಮೂರು ದಿನ ಬೆಳಿಗ್ಗೆ ಹೋಗಿ ಹೊಳೆ ನೋಡಿ ಬಂದೆ. ಮಂಡಕ್ಕಿ ಹಾಕಿದರೆ ಮೀನು ಮೊದಲಿನ ಹಾಗೆಯೇ ಮುತ್ತುತ್ತಿದ್ದವು.

ಬಯೋಡೀಸೆಲ್ ವಿಷಯಕ್ಕೆ ಬಂದರೆ ಎಲ್ಲಾ ತಿರುಗುಮುರುಗು. ಹೊಸನಗರದ ಕಡೆ ನನ್ನ ಅಕ್ಕನ ಮಗ ಹೊಂಗೆ ಎಣ್ಣೆ, ಹೋಟೆಲಿನ ಕರಿದ ಎಣ್ಣೆಯಿಂದ ಪಂಪ್‌ಸೆಟ್ಟಿಗೆ ಆಗುವಷ್ಟು ಬಯೋಡೀಸೆಲ್ ಮಾಡಿಕೊಳ್ಳುತ್ತಿದ್ದ. "ಮಾವ, ಇದಕ್ಕೆ ಬೆಂಕಿ ಹಿಡಿಯಲ್ಲ ನೋಡಿ" ಅಂತ ತಟ್ಟೆಗೆ ಹಾಕಿ ಕಡ್ಡಿ ಗೀರಿ ತೋರಿಸಿದ್ದ. ನಿಜ, ಚೆನ್ನಾಗಿ ತೊಳೆದ ಬಯೋಡೀಸೆಲ್ 100 ಡಿಗ್ರಿ ದಾಟದೆ ಹೊತ್ತುವುದಿಲ್ಲ. ಆದರೆ ಅದನ್ನು ಮಾಡಲು ಬೇಕಾದ ಮೆಥನಾಲ್ ಅನ್ನೋ ಇನ್ನೊಂದು ಆಲ್ಕೋಹಾಲ್ 11 ಡಿಗ್ರಿಗೇ ಕಿಡಿಗೆ ಹೊತ್ತುತ್ತದೆ, ಉರಿಯೂ ಕಾಣುವುದಿಲ್ಲ. ಸರಿಯಾಗಿ ತೊಳೆಯದೆ ಸ್ವಲ್ಪ ಮೆಥನಾಲ್ ಉಳಿದರೂ ಸಾಕು, ಬಯೋಡೀಸೆಲ್‌ಗೂ ಬೇಗ ಬೆಂಕಿ ಹಿಡಿಯುತ್ತದೆ. ಅವನು ಮೆಥನಾಲ್ ಡ್ರಮ್ ಇಟ್ಟಿದ್ದು ಅಡಿಕೆ ಬೇಯಿಸುವ ಒಲೆಯ ಪಕ್ಕದ ಕೋಣೆಯಲ್ಲಿ! ಅವತ್ತೇ ಹೊರಗೆ, ನೆರಳಿಗೆ ಸಾಗಿಸಿದೆ.

ಆದರೂ ಬೆಂಕಿ ಬಿತ್ತು, ಒಂದು ರಾತ್ರಿ ಎರಡು ಗಂಟೆಗೆ, ಯಾರೂ ಇಲ್ಲದ ಶೆಡ್ಡಿನಲ್ಲಿ. ಕೈ ಒರೆಸಿದ ಬಟ್ಟೆ, ಎಣ್ಣೆ ಸೋಸಿದ ಗೋಣಿ ಎಲ್ಲಾ ಮೂಲೆಗೆ ಗುಡ್ಡೆ ಹಾಕಿದ್ದ. ಇಂಥ ಎಣ್ಣೆ ಗಾಳಿ ಜೊತೆ ಸೇರುತ್ತಾ ತಾನೇ ಬಿಸಿಯಾಗುತ್ತದೆ. ಗುಡ್ಡೆಯೊಳಗಿನ ಶಾಖಕ್ಕೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ನಾನು ಹೋಗುವಷ್ಟರಲ್ಲಿ ಮನೆಯವರೇ ಗುಡ್ಡೆ ಎಳೆದು ಬಿಡಿಸಿ ನೀರು ಹಾಕಿದ್ದರು. ಮೇಲಿನ ಗೋಣಿ ಹಾಗೇ ಇತ್ತು, ನಡುವಿನದು ಇದ್ದಿಲಾಗಿತ್ತು. ಪಕ್ಕದಲ್ಲೇ ಒಣ ಅಡಿಕೆ ಸಿಪ್ಪೆಯ ರಾಶಿ ಇತ್ತು, ಇನ್ನು ಹತ್ತು ನಿಮಿಷ ತಡವಾಗಿದ್ದರೆ ಅದಕ್ಕೂ ತಗಲುತ್ತಿತ್ತು.

ಈಗ ಅವನ ಶೆಡ್ ಬಾಗಿಲಲ್ಲಿ ಮುಚ್ಚಳ ಇರುವ ತಗಡಿನ ಡಬ್ಬ ಇದೆ, ಅರ್ಧ ನೀರು ತುಂಬಿದ್ದು. ಒರೆಸಿದ ಬಟ್ಟೆ ಅದರೊಳಗೆ. ಗೋಣಿಯನ್ನು ಬೇಲಿ ಮೇಲೆ ಒಂದೊಂದಾಗಿ ಬಿಡಿಸಿ ಹಾಕುತ್ತಾನೆ. ನಮ್ಮ ಠಾಣೆಯಲ್ಲೂ ಆಲ್ಕೋಹಾಲ್ ಫೋಮ್ ಕ್ಯಾನುಗಳಿಗೆ ಹಳದಿ ಬಣ್ಣ ಬಳಿದು ಬೇರೆ ಇಟ್ಟಿದ್ದೇವೆ. ದೋಟಿ, ಸೋಗೆ ಗಾಡಿಯ ಮೇಲೆಯೇ ಇರುತ್ತವೆ.