ಮುಂಗಡ ತೀರೋವರೆಗೂ ಬಿಡಲ್ಲ ಅಂದರೆ ಏನು ಮಾಡಬೇಕು?

ಶುಂಠಿ ಹೊಲಕ್ಕೋ ಅಡಿಕೆ ಕೊಯ್ಲಿಗೋ ಮಲೆನಾಡಿಗೆ ಹೊರಗಿನಿಂದ ಕೂಲಿಯವರು ಸಂಸಾರ ಸಮೇತ ಬರುತ್ತಾರೆ. ಎಷ್ಟೋ ಸಲ ಮೇಸ್ತ್ರಿ ಮೊದಲೇ ಮುಂಗಡ ಕೊಟ್ಟಿರುತ್ತಾನೆ. ಮುಂಗಡ ಕೊಟ್ಟಿದ್ದೇ ತಪ್ಪಲ್ಲ. ಆದರೆ ಆ ದುಡ್ಡಿನ ಹೆಸರಲ್ಲಿ ಬೇರೆ ಕಡೆ ಕೆಲಸಕ್ಕೆ ಬಿಡದಿದ್ದರೆ, ಊರಿಗೆ ಹೋಗೋಕೆ ಬಿಡದಿದ್ದರೆ, ಅಥವಾ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಜೀತ. ಇದರಲ್ಲಿ ಒಂದಿದ್ದರೂ ಸಾಕು. ಹೊಡೆದಿರಬೇಕು, ಕೂಡಿಹಾಕಿರಬೇಕು ಅಂತೇನಿಲ್ಲ.

1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಆ ಸಾಲ ಸತ್ತುಹೋಯಿತು. ತೀರಿಸಬೇಕಾಗಿಲ್ಲ. ಅದನ್ನು ವಸೂಲಿ ಮಾಡಿದರೆ ಅದೂ ಅಪರಾಧ, ಮೂರು ವರ್ಷದವರೆಗೆ ಜೈಲು. ‘ಇಸ್ಕೊಂಡಿದ್ದಾರಲ್ವಾ, ತೀರಿಸಲಿ’ ಅನ್ನೋರು ನಮ್ಮಲ್ಲಿ ಜಾಸ್ತಿ. ಅವರಿಗೆ ಇದನ್ನೇ ಹೇಳಿ.

ಇಂಥದ್ದು ಕಣ್ಣಿಗೆ ಬಿದ್ದರೆ ಮಾಲೀಕರ ಹತ್ತಿರ ಸುಮ್ನೆ ಜಗಳಕ್ಕೆ ಹೋಗಬೇಡಿ. ಸುಳಿವು ಸಿಕ್ಕರೆ ರಾತ್ರೋರಾತ್ರಿ ಆ ಜನರನ್ನು ಬೇರೆ ಕಡೆ ಸಾಗಿಸಿಬಿಡಬಹುದು. ಜಾಗ ಎಲ್ಲಿ, ಎಷ್ಟು ಜನ, ಮಕ್ಕಳಿದ್ದಾರಾ, ಮುಂಗಡ ಎಷ್ಟು, ವಾರಕ್ಕೆ ಕೈಗೆ ಏನು ಕೊಡ್ತಾರೆ, ಇಷ್ಟನ್ನು ಬರೆದುಕೊಂಡು ಉಪವಿಭಾಗಾಧಿಕಾರಿಗೆ (ಎಸಿ) ದೂರು ಕೊಡಿ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಶಿವಮೊಗ್ಗ ಮತ್ತು ಸಾಗರದಲ್ಲಿ ಎಸಿ ಕಚೇರಿ ಇದೆ. ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಜೀವಕ್ಕೆ ಅಪಾಯ ಅನ್ನಿಸಿದರೆ 112, ಮಕ್ಕಳಿದ್ದರೆ 1098. ವಕೀಲರು ಬೇಕಾದರೆ 15100ಕ್ಕೆ ಫೋನ್ ಮಾಡಿ, ಜೀತದವರಿಗೆ ಕಾನೂನು ನೆರವು ಉಚಿತ.

ಸಾಕ್ಷಿ ಎಲ್ಲಿದೆ ಅಂತ ಕೇಳಿದರೆ ಹೆದರಬೇಡಿ. ಇದು ಜೀತದ ಸಾಲ ಅಂತ ಕೂಲಿಯವರು ಹೇಳಿದರೆ, ಅಲ್ಲ ಅಂತ ತೋರಿಸಬೇಕಾದ್ದು ಸಾಲ ಕೊಟ್ಟವರು. ಕಾಯ್ದೆಯ 15ನೇ ಕಲಂನಲ್ಲೇ ಇದಿದೆ. ಬಲವಂತದ ದುಡಿಮೆ ಕಂಡರೆ ಅದರ ಹಿಂದೆ ಮುಂಗಡ ಇದೆ ಅಂತಲೇ ಎಣಿಸಬೇಕು ಅಂತ 1983ರಲ್ಲಿ ಬಂಧುವಾ ಮುಕ್ತಿ ಮೋರ್ಚಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎಲ್ಲಕ್ಕಿಂತ ಮುಖ್ಯ, ರಾಜಿಗೆ ಒಪ್ಪಬೇಡಿ. ಬಾಕಿ ಕೂಲಿ ಕೊಡಿಸಿ ಬಸ್ ಹತ್ತಿಸಿ ಕಳಿಸಿಬಿಟ್ಟರೆ ಕೇಸೂ ಇಲ್ಲ, ಪರಿಹಾರವೂ ಇಲ್ಲ, ಮುಂದಿನ ವರ್ಷ ಅದೇ ಜನ ಇನ್ನೊಬ್ಬರ ಮುಂಗಡಕ್ಕೆ ಸಿಕ್ಕಿಬೀಳುತ್ತಾರೆ. ಜೀತದಿಂದ ಬಿಡುಗಡೆಯಾಗಿದ್ದಾರೆ ಅಂತ ಒಬ್ಬೊಬ್ಬರ ಹೆಸರಿಗೂ ಎಸಿಯಿಂದ ಬಿಡುಗಡೆ ಪತ್ರ ಕೇಳಿ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಗಂಡಸರಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ ರೂಪಾಯಿ ಇದೆ. ತಕ್ಷಣದ ಖರ್ಚಿಗೆ 30,000ದವರೆಗೆ ಸಿಗುತ್ತದೆ. ಪೂರ್ತಿ ಹಣ ಬರಬೇಕಾದರೆ ಕೇಸು ಮುಗಿಯಬೇಕು, ಹಾಗಾಗಿ ಎಫ್‌ಐಆರ್ ಆಗಿದೆಯಾ ನೋಡಿಕೊಳ್ಳಿ. ಪರಿಶಿಷ್ಟರಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯನ್ನೂ ಸೇರಿಸಲು ಹೇಳಿ.