ಹಳೇ ಸೊಂಟ ನೋವಿಗೆ ವ್ಯಾಯಾಮ: ಫೌಜಿಗಳು ಎಡವುವುದು ಎಲ್ಲಿ?

ಗೋಣಿಕೊಪ್ಪದ ಹತ್ತಿರ ನಮ್ಮ ಪಕ್ಕದ ಮನೆಯವರು ಸೇನೆಯ ನಿವೃತ್ತ ಹವಾಲ್ದಾರ್. ನೋವು ಕಡಿಮೆ ಇದ್ದ ದಿನ ಬೆಳಗ್ಗೆಯಿಂದ ಸಂಜೆವರೆಗೆ ಕಾಫಿ ಗಿಡದ ರೆಂಬೆ ಕತ್ತರಿಸಿ ಕಪಾತು ಮಾಡುತ್ತಿದ್ದರು. ಆಮೇಲೆ ನಾಲ್ಕು ದಿನ ಮಂಚ. ‘ವ್ಯಾಯಾಮ ನಂಗೆ ಆಗಿಬರಲ್ಲ’ ಅನ್ನುತ್ತಿದ್ದರು. ಊರಿನ ಅರ್ಧ ಫೌಜಿಗಳ ಕಥೆ ಇದೇ.

ಮೊದಲು ಡಾಕ್ಟರ್. ಕಾಲಿಗೆ ಶಕ್ತಿ ಕುಂದಿದರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ವ್ಯಾಯಾಮದ ಮಾತೇ ಬೇಡ, ತಕ್ಷಣ ಆಸ್ಪತ್ರೆ.

ಆಮೇಲೆ ಅಳತೆ. ಎಲ್ಲರೂ ಕೆಡಿಸುವುದು ಇಲ್ಲೇ. ಮೂರು ತಿಂಗಳು ದಾಟಿದ ನೋವಿನಲ್ಲಿ ಎಷ್ಟೋ ಸಲ ಗಾಯ ಮಾಗಿರುತ್ತದೆ, ನರಗಳು ಮಾತ್ರ ಸೆಂಟ್ರಿ ಡ್ಯೂಟಿ ಬಿಟ್ಟಿರುವುದಿಲ್ಲ. ಎಲೆ ಅಲ್ಲಾಡಿದರೂ ಅಲಾರಾಂ. ಅವುಗಳಿಗೆ ನಿಧಾನವಾಗಿ ಧೈರ್ಯ ಬರಬೇಕು. ಮೂರು ದಿನ ಸಮತಟ್ಟು ಜಾಗದಲ್ಲಿ ನಡೆಯಿರಿ, ನೋವು ಏರುವ ಮೊದಲು ಎಷ್ಟು ನಿಮಿಷ ಆಯಿತೆಂದು ಬರೆದಿಡಿ. 12, 8, 10 ಬಂತು ಅಂದುಕೊಳ್ಳಿ. ಸರಾಸರಿ 10. ಶುರು ಮಾಡಬೇಕಾದ್ದು ಅದಕ್ಕಿಂತ ಸ್ವಲ್ಪ ಕಡಿಮೆ, 8ರಿಂದ. ಚೆನ್ನಾಗಿದ್ದ ದಿನವೂ ಎಂಟೇ, ಮಂಕಾದ ದಿನವೂ ಎಂಟೇ. ಗಡಿಯಾರ ಹೇಳಿದಾಗ ನಿಲ್ಲಿ, ನೋವು ಹೇಳುವವರೆಗೆ ಕಾಯಬೇಡಿ. ವಾರಕ್ಕೆ ಒಂದು ನಿಮಿಷ ಏರಿಸಿ, ಸಾಕು. ನಡೆಯಲು ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೇ ಜಾಗ ಇಲ್ಲ. ನಮ್ಮ ಏರು ರಸ್ತೆ ಸದ್ಯಕ್ಕೆ ಬೇಡ. ಮಳೆಗಾಲದಲ್ಲಿ ಜಗಲಿಯಲ್ಲೇ ಓಡಾಡಿ. ಪಾಚಿ ಹಿಡಿದ ಅಂಗಳದಲ್ಲಿ ಜಾರಿದರೆ ಹೊಸ ನೋವು.

ಬಲಕ್ಕೆ ಎರಡೇ ಸಾಕು: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು. ಐದೈದು ಸಲ, ದಿನ ಬಿಟ್ಟು ದಿನ. ಹಳೇ ಪಿಟಿಯ ಸಿಟ್‌ಅಪ್ ಕೈಬಿಡಿ.

ಸೊಂಟದ ಬೆಲ್ಟ್‌ಗೆ ದುಡ್ಡು ಸುರಿಯಬೇಡಿ. ನಾನೂ ಒಂದು ತಂದಿದ್ದೆ, ತಿಂಗಳಲ್ಲಿ ಅದರ ವೆಲ್ಕ್ರೋ ಕಿತ್ತುಬಂತು, ಸೊಂಟ ಹಾಗೇ ಇತ್ತು. ವ್ಯಾಯಾಮಕ್ಕೆ ಮೊದಲು ಸುಮ್ನೆ ನೋವಿನ ಮಾತ್ರೆ ನುಂಗುವುದಂತೂ ಬೇಡವೇ ಬೇಡ. ಎಲ್ಲಿ ನಿಲ್ಲಬೇಕೆಂಬುದೇ ಗೊತ್ತಾಗಲ್ಲ, ಹೊಟ್ಟೆ, ಕಿಡ್ನಿಗೂ ಕೇಡು.

ವ್ಯಾಯಾಮದ ಮರುದಿನ ನೋವು ಜಾಸ್ತಿಯಾದರೆ ಲೆಕ್ಕ ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ತೋಟದ ಕೆಲಸಕ್ಕೂ ಇದೇ ಲೆಕ್ಕ. ನಮ್ಮ ಹವಾಲ್ದಾರ್ ಈಗ ಇಪ್ಪತ್ತು ನಿಮಿಷ ಕಪಾತು ಮಾಡಿ ಕೂರುತ್ತಾರೆ. ಮೊಮ್ಮಗಳು ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಟ್ಟಿದ್ದಾಳೆ. ಅದು ಕೂಗಿದಾಗೆಲ್ಲ ಬೈಯುತ್ತಾರೆ, ಆದರೂ ಕತ್ತರಿ ಕೆಳಗಿಡುತ್ತಾರೆ.